ಬೇಗ ದಡ ಸೇರುವ ದೋಣಿ

ಸೂರ್ಯ ಇನ್ನೂ ಹುಟ್ಟಿಲ್ಲ, ಗಾಳಿಯಲ್ಲಿ ಮಾತ್ರ ನಿನ್ನೆಯ ಸೆಕೆ ಹಾಗೇ ಕೂತಿದೆ. ಮಿಸೌರಿ ನದಿಯ ಹಿನ್ನೀರಿನ ದಡದಲ್ಲಿ, ನೀರಿನೊಳಗೆ ಚಾಚಿದ ಮರದ ಕಟ್ಟೆಗೆ ಕಟ್ಟಿದ ದೋಣಿಯೊಳಗೆ ಲವೋನ್ ಟ್ವೈಟ್ ಮಂಡಿಯೂರಿಕೊಂಡು ಎರೆಹುಳುಗಳನ್ನು ಒದ್ದೆ ಪೇಪರಿನ ಮೇಲೆ ಹರಡುತ್ತಿದ್ದಾರೆ. ಹುಳುಗಳ ಡಬ್ಬಿ ಐಸ್ ಪೆಟ್ಟಿಗೆಯೊಳಗೆ ಹೋಗುತ್ತದೆ, ಅವರ ತಿಂಡಿಯ ಡಬ್ಬಿ ಹೊರಗೆ ಹಲಗೆಯ ಮೇಲೆ. "ನಾನು ಬೆವರಿದ್ರೆ ಪರವಾಗಿಲ್ಲ, ಹುಳು ಬೆವರಬಾರದು," ಎನ್ನುತ್ತಾರೆ.

ಲವೋನ್‌ಗೆ ಅರವತ್ತೊಂದು. ಶಾಲೆ ನಡೆಯುವ ತಿಂಗಳುಗಳಲ್ಲಿ ಊರಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಬೇಸಿಗೆಯಲ್ಲಿ ಹೊರಗಿನಿಂದ ಬಂದವರನ್ನು ದೋಣಿಯಲ್ಲಿ ಕೂರಿಸಿಕೊಂಡು ಬೆಳ್ಳಿಗಣ್ಣಿನ ವಾಲೈ ಮೀನು ಹಿಡಿಸುವ ಕೆಲಸ. ಮೊದಲು ಇದನ್ನು ಗಂಡ ಒರ್ಲಿನ್ ಮಾಡುತ್ತಿದ್ದರು. ಅವರ ಬೆನ್ನು ಕೈಕೊಟ್ಟ ವರ್ಷ ಲವೋನ್ ಚುಕ್ಕಾಣಿ ಹಿಡಿದರು. "ಒಂದು ಬೇಸಿಗೆ ನೋಡ್ಕೊಳ್ತೀನಿ ಅಂತ ಹೊರಟೆ. ಇವರ ಬೆನ್ನೂ ಸರಿಹೋಗಲಿಲ್ಲ, ನನ್ನ ಹುಚ್ಚೂ ಬಿಡಲಿಲ್ಲ." ಒರ್ಲಿನ್ ಈಗ ಕಟ್ಟೆಯ ಪಕ್ಕದ ಚಪ್ಪರದಡಿ ಎತ್ತರದ ಸ್ಟೂಲಿನ ಮೇಲೆ ಕೂತು, ಬಂದ ಮೀನನ್ನು ಕೊಯ್ದು ಕೊಡುತ್ತಾರೆ.

ಮೇ ತಿಂಗಳಲ್ಲಿ ವಾಲೈ ದಡದ ಹತ್ತಿರವೇ ಇರುತ್ತದೆ. ಗಾಳ ಹಾಕಿದವರಿಗೆಲ್ಲ ಸಿಗುತ್ತದೆ. ಜುಲೈ ಕಳೆದು ನೀರು ಕಾದ ಮೇಲೆ ತಂಪು ಹುಡುಕಿಕೊಂಡು ಆಳಕ್ಕಿಳಿಯುತ್ತದೆ. ಆಗ ಎಷ್ಟೋ ದೋಣಿಯವರು ದಿನವಿಡೀ ಸುತ್ತಿ, ಬಿಸಿಲಿಗೆ ಮೂಗು ಸುಟ್ಟುಕೊಂಡು ಬರಿಗೈಯಲ್ಲಿ ಬರುತ್ತಾರೆ. ಲವೋನ್ ಹಿನ್ನೀರಿನಡಿ ಮುಳುಗಿಹೋದ ಹಳೆಯ ನದೀಪಾತ್ರದ ಅಂಚು ಹಿಡಿದು, ಬಾತುಕೋಳಿಯೊಂದು ಹಿಂದೆ ಹಾಕಿ ಹೋಗುವಷ್ಟು ನಿಧಾನವಾಗಿ ದೋಣಿ ನಡೆಸುತ್ತಾರೆ. ಗಾಳದ ದಾರಕ್ಕೆ ತಂತಿ, ತಂತಿಗೆ ಸೀಸದ ಗುಂಡು, ಅದರ ಹಿಂದೆ ಮಿನುಗುವ ಸಣ್ಣ ತಗಡು, ಕೊನೆಗೆ ಹುಳು. "ಸೀಸ ನೆಲಾನ ತಟ್ತಾ ಹೋಗಬೇಕು, ಉಳಬಾರದು. ಕುರುಡರು ಕೋಲು ತಟ್ಟಿದ ಹಾಗೆ."

ಆಳದ ಮೀನಿಗೆ ಒಂದು ತೊಂದರೆ ಇದೆ. ನಲವತ್ತು ಅಡಿಯಿಂದ ಮೇಲೆಳೆದಾಗ ಅದರ ಹೊಟ್ಟೆಯ ಗಾಳಿಚೀಲ ಉಬ್ಬಿಕೊಳ್ಳುತ್ತದೆ. ಮತ್ತೆ ನೀರಿಗೆ ಬಿಟ್ಟರೆ ಮುಳುಗಲಾರದೆ, ಬಿಸಿ ನೀರಿನ ಮೇಲೆ ತೇಲುತ್ತಲೇ ಸಾಯುತ್ತದೆ. ಹಾಗಾಗಿ ಆಗಸ್ಟಿನಲ್ಲಿ ಹಗ್ಗ ಬಿಚ್ಚುವ ಮೊದಲೇ ಲವೋನ್ ಹೇಳಿಬಿಡುತ್ತಾರೆ: ಮೇಲೆ ಬಂದದ್ದು ಚಿಕ್ಕದಿರಲಿ ದೊಡ್ಡದಿರಲಿ ಪೆಟ್ಟಿಗೆಗೆ. ಕಾನೂನಿನ ಪ್ರಕಾರ ದಿನಕ್ಕೆ ಒಬ್ಬರಿಗೆ ನಾಲ್ಕು. ತುಂಬಿದ ಕೂಡಲೇ ವಾಪಸ್.

ಮೀನು ಚೆನ್ನಾಗಿ ಕಚ್ಚಿದ ದಿನ ಅವರ ದೋಣಿ ಬೆಳಗಿನ ತಿಂಡಿಯ ಹೊತ್ತಿಗೇ ದಡದಲ್ಲಿರುತ್ತದೆ. ಇಡೀ ದಿನದ ಮೋಜಿಗೆಂದು ಬಂದವರಿಗೆ ಇದು ಹಿಡಿಸುವುದಿಲ್ಲ. ಇನ್ನೊಬ್ಬ ಗೈಡ್ ಟಾಡ್‌ನ ದೋಣಿ ಸಂಜೆಗೆ ಬರುತ್ತದೆ. ಅಲ್ಲಿ ಚಿಕ್ಕವನ್ನು ಬಿಡುತ್ತಾ ದೊಡ್ಡವಕ್ಕೆ ಕಾಯಬಹುದು. ಬಂದವರನ್ನು ಯಾರ ದೋಣಿಗೆ ಕಳಿಸಬೇಕೆಂದು ನಿರ್ಧರಿಸುವವನು ಕಟ್ಟೆಯ ಮತ್ತು ಅದರ ಪಕ್ಕದ ಅಂಗಡಿಯ ಮಾಲೀಕ ಗೇಲೆನ್, ಲವೋನ್‌ರ ಚಿಕ್ಕಮ್ಮನ ಮಗ. ಕಳೆದ ವಾರ ಅವನು ಹೇಳಿಬಿಟ್ಟಿದ್ದಾನೆ: "ವೋನಿ, ಇನ್ನೊಂದು ಸಲ ಯಾರಾದ್ರೂ ಬೆಳಬೆಳಗ್ಗೆ ಮುಖ ಊದಿಸಿಕೊಂಡು ನನ್ನ ಅಂಗಡಿಗೆ ಬಂದ್ರೆ, ಆಗಸ್ಟ್ ಮುಗಿಯೋವರೆಗೂ ನಿನ್ನ ದೋಣಿಗೆ ಯಾರನ್ನೂ ಕಳಿಸಲ್ಲ." ಅಡುಗೆಮನೆಯ ಹಬೆಯಲ್ಲಿ ಚಳಿಗಾಲ ಕಳೆಯುವಾಗೆಲ್ಲ ಲವೋನ್ ಎದುರು ನೋಡುವುದು ಈ ತಿಂಗಳನ್ನೇ.

ಇವತ್ತು ಬಂದಿರುವವರು ನೆಬ್ರಾಸ್ಕಾದ ಮಿಲೋ ಸ್ವೊಬೋಡ ಮತ್ತು ಅವರ ಅಳಿಯ ಟ್ರೆಂಟ್.

"ಒಳಗೆ ತುಂಬಿಸಿ ಗೋಡೆಗೆ ತೂಗುಹಾಕೋಂಥ ದೊಡ್ಡ ಮೀನು ಬೇಕು ಮೇಡಂ," ಎನ್ನುತ್ತಾರೆ ಮಿಲೋ. "ಪಕ್ಕದ ಮನೆಯವನ ಹತ್ರ ಒಂದಿದೆ. ಅದಕ್ಕಿಂತ ಒಂದಿಂಚು ಉದ್ದ ಇದ್ರೆ ಸಾಕು."

"ನಮ್ಮ ಮದುವೆ ಫೋಟೋ ತೆಗೆದು ಜಾಗ ಮಾಡಿಟ್ಟಿದ್ದಾರೆ," ಎನ್ನುತ್ತಾನೆ ಟ್ರೆಂಟ್.

"ಮೀನಿಗೆ ಗೋಡೆ ವಿಷಯ ಗೊತ್ತಿಲ್ಲ. ಬಂದದ್ದು ಪೆಟ್ಟಿಗೆಗೆ, ಒಪ್ಪಿಗೇನಾ?" ಲವೋನ್ ಕೇಳುತ್ತಾರೆ. ಇಬ್ಬರೂ ತಲೆಯಾಡಿಸುತ್ತಾರೆ.

ಮೀನು ಕಚ್ಚುತ್ತದೆ. ಬಿಸಿಲು ಬೆನ್ನಿಗೆ ತಾಗುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಆರು ಮೀನು, ಎಲ್ಲವೂ ನಡುಗಾತ್ರದವು. ಮಿಲೋ ತಮ್ಮ ನಾಲ್ಕನೆಯದನ್ನು ಮೇಲೆಳೆದರೆ ಅದು ಅಂಗೈಗಿಂತ ಸ್ವಲ್ಪವೇ ಉದ್ದ. ಅದೇ ಗಳಿಗೆಯಲ್ಲಿ ಟ್ರೆಂಟ್‌ನ ಗಾಳದ ಕೋಲೂ ಬಾಗುತ್ತದೆ. ಲವೋನ್ ಕೈಬಲೆ ಹಿಡಿದು ಅತ್ತ ಬಗ್ಗುತ್ತಾರೆ. ಬೆನ್ನ ಹಿಂದೆ ನೀರು ಬುಳಕ್ಕೆನ್ನುತ್ತದೆ.

ತಿರುಗಿದರೆ ಮಿಲೋ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಾರೆ. "ಜಾರಿಹೋಯ್ತು."

"ಮೂರನ್ನ ಗಟ್ಟಿಯಾಗಿ ಹಿಡಿದ ಕೈ," ಎನ್ನುತ್ತಾರೆ ಲವೋನ್. ಟ್ರೆಂಟ್ ಆಕಾಶ ನೋಡುತ್ತಾನೆ.

ಮೀನು ತಲೆ ಕೆಳಗೆ ಮಾಡಿ ಬಾಲ ಬಡಿಯುತ್ತದೆ, ಒಂದು ಗೇಣು ಇಳಿಯುತ್ತದೆ, ಮತ್ತೆ ಬಿರಡೆಯ ಹಾಗೆ ಮೇಲೇಳುತ್ತದೆ. ಮಗ್ಗುಲಾಗಿ ತೇಲುತ್ತಾ ದೂರ ಸರಿಯುತ್ತದೆ. ಅದನ್ನು ಅಲ್ಲೇ ಬಿಟ್ಟರೆ ಯಾರೂ ತಪ್ಪೆನ್ನುವುದಿಲ್ಲ. ಮಿಲೋ ಮಧ್ಯಾಹ್ನದವರೆಗೆ ಗಾಳ ಹಾಕಬಹುದು, ಗೇಲೆನ್‌ನ ಅಂಗಡಿಗೆ ನಗುತ್ತಾ ಹೋಗಬಹುದು, ನಾಳೆಯೂ ಲವೋನ್‌ರ ದೋಣಿಗೆ ಜನ ಬರಬಹುದು. ಟ್ರೆಂಟ್‌ನ ಮೀನನ್ನು ಪೆಟ್ಟಿಗೆಗೆ ಹಾಕಿ ಲವೋನ್ ತೇಲಿಹೋಗುತ್ತಿರುವ ಮರಿಯತ್ತ ನೋಡುತ್ತಾರೆ. ಆಮೇಲೆ ದೋಣಿ ತಿರುಗಿಸುತ್ತಾರೆ. ಮೊದಲ ಸಲ ಕೈಬಲೆ ತಪ್ಪುತ್ತದೆ. ಎರಡನೆಯ ಸಲ ಮೀನು ಬರುತ್ತದೆ.

"ಎಂಟಾಯ್ತು. ದಾರ ಸುತ್ತಿಕೊಳ್ಳಿ."

"ಅದಿನ್ನೂ ಬದುಕಿತ್ತಲ್ರೀ," ಮಿಲೋ ಗೊಣಗುತ್ತಾರೆ.

"ಹೌದು. ಹಾಗೇ ಸಂಜೆವರೆಗೂ ಬದುಕಿರ್ತಿತ್ತು."

"ನಾನು ಇಡೀ ದಿನಕ್ಕೆ ಅಂತ ಬಂದೋನು."

"ದಿನ ಎಲ್ಲೂ ಹೋಗಿಲ್ಲ. ದಡದಲ್ಲಿ ನೆರಳಿದೆ, ಕಾಫಿ ಇದೆ."

ಕಟ್ಟೆ ಮುಟ್ಟುತ್ತಲೇ ಮಿಲೋ ನೇರ ಅಂಗಡಿಯತ್ತ ನಡೆಯುತ್ತಾರೆ. ಒರ್ಲಿನ್ ಪೆಟ್ಟಿಗೆ ತೆರೆದು, ಕೊನೆಯ ಮೀನನ್ನು ಬಾಲ ಹಿಡಿದು ಎತ್ತುತ್ತಾರೆ. "ಈ ಮರೀನ ಯಾರು ಹಿಡಿದಿದ್ದು?"

"ಇಬ್ಬರು. ಮೊದಲು ಅವರು, ಆಮೇಲೆ ನಾನು."

ಒರ್ಲಿನ್ ಹೆಂಡತಿಯ ಮುಖ ನೋಡುತ್ತಾರೆ, ಅಂಗಡಿಯ ಬಾಗಿಲು ನೋಡುತ್ತಾರೆ, ಚಾಕು ಮಸೆಯಲು ತೊಡಗುತ್ತಾರೆ. ಸ್ವಲ್ಪ ಹೊತ್ತಿಗೆ ಗೇಲೆನ್ ಟೋಪಿ ಕೈಯಲ್ಲಿ ಹಿಡಿದು ಬರುತ್ತಾನೆ.

"ನಾನು ಹೇಳಿದ್ನಲ್ಲ, ವೋನಿ."

"ಹೇಳಿದ್ದೆ."

"ನಾಳೆಯವರು ಟಾಡ್ ಜೊತೆ ಹೋಗ್ತಾರೆ. ಈ ತಿಂಗಳು ಹೀಗೇ ಇರಲಿ. ನೀರು ತಣ್ಣಗಾಗಲಿ, ನೋಡೋಣ."

"ನೀರು ತಣ್ಣಗಾಗೋ ಹೊತ್ತಿಗೆ ನಾನು ಶಾಲೇಲಿ ಆಲೂಗಡ್ಡೆ ಸುಲೀತಿರ್ತೀನಿ, ಗೇಲೆನ್."

ಅವನು ಟೋಪಿಯ ಅಂಚು ತಿರುವುತ್ತಾನೆ. ಹೋಗುವಾಗ ನಿಂತು, "ಅಮ್ಮ ಮೀನು ಕೇಳ್ತಿದ್ಲು," ಎನ್ನುತ್ತಾನೆ.

"ನಾಳೆ ಕಳಿಸ್ತೀನಿ. ಚಿಕ್ಕಮ್ಮ ಏನು ತಪ್ಪು ಮಾಡಿದ್ದಾಳೆ?"

ಮರುದಿನ ಬೆಳಗ್ಗೆ ದೋಣಿಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. ಒರ್ಲಿನ್‌ರ ಬೆನ್ನಿಗೆ ಎರಡು ದಿಂಬು. ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ ಎಂದು ಲವೋನ್ ಒಪ್ಪಿಕೊಳ್ಳುತ್ತಾರೆ. "ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಬಂದವರಿಗೆ ಮೀನು ಹಿಡಿಸೋದು ನನಗಿಷ್ಟ. ಮುಂದಿನ ಆಗಸ್ಟಲ್ಲಿ ಕರೆದ್ರೆ ಹೋಗ್ತೀನಿ. ಹೋದ್ರೂ ಇದೇ ಮಾತು ಹೇಳ್ತೀನಿ."

ಪೆಟ್ಟಿಗೆ ಬೇಗ ತುಂಬುತ್ತದೆ. "ಇನ್ನೊಂದೇ ಸುತ್ತು?" ಒರ್ಲಿನ್ ಆಸೆಯಿಂದ ಕೇಳುತ್ತಾರೆ.

"ಎಣಿಸಿ ನೋಡು."

ಅವರು ಎಣಿಸಿ, ನಿಟ್ಟುಸಿರು ಬಿಟ್ಟು, ಕೋಲುಗಳನ್ನು ಮಡಚುತ್ತಾರೆ. ದೂರದಲ್ಲಿ ಟಾಡ್‌ನ ದೋಣಿ. ಅದರ ಹಿಂದೆ ಬಿಳಿಯ ನೀರುಹಕ್ಕಿಗಳ ಹಿಂಡು, ಒಂದೊಂದಾಗಿ ಇಳಿದು, ತೇಲುತ್ತಿರುವ ಏನನ್ನೋ ಕುಕ್ಕುತ್ತಾ ಮತ್ತೆ ಏಳುತ್ತಿದೆ. ಲವೋನ್ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ.

"ಮೊದಮೊದಲು ನನ್ನ ದೋಣಿ ಹಿಂದೇನೂ ಬರ್ತಿದ್ವು," ಎನ್ನುತ್ತಾರೆ, ದಡದತ್ತ ತಿರುಗಿಸುತ್ತಾ. "ಬಂದು ನೋಡಿದ್ವು, ನೋಡಿದ್ವು. ಏನೂ ಸಿಗಲಿಲ್ಲ. ಈಗ ಬರೋದೇ ಇಲ್ಲ."