ಬಿಸಿ ಮುಚ್ಚುವ ಹೊಗೆ

ಜೀಡಿಮೆಟ್ಲಾದ ಕಾರ್ಖಾನೆಯಲ್ಲಿ ಸೈನ್ಯಕ್ಕೆಂದು, ಯೋಧರನ್ನು ಶತ್ರುವಿನ ಕಣ್ಣಿಗೆ ಮರೆಮಾಡುವ ಹೊಗೆಡಬ್ಬಿ ಮಾಡುವ ಸೂಗಪ್ಪನಿಗೆ ಜಗತ್ತೆಲ್ಲ ಹೊಗೆಯಾಗಿಯೇ ಕಾಣುತ್ತದೆ. ದೇವರ ಮುಂದೆ ಊದುಬತ್ತಿ ಹಚ್ಚಿದರೆ ಕೈಮುಗಿಯುವುದನ್ನು ಮರೆತು, ಅದರ ಎಳೆ ಯಾವ ಕಡೆ ವಾಲಿತೆಂದು ನೋಡುತ್ತಾನೆ. ಹೋಟೆಲಿನಲ್ಲಿ ಇರಾನಿ ಚಹಾ ಅವನ ಮುಂದೆಯೇ ಆರಿಹೋಗುತ್ತದೆ. ಅವನು ಹಬೆಯ ಹಿಂದೆ ಗಲ್ಲಾದವನ ಮುಖ ಎಷ್ಟು ಮಸುಕಾಯಿತೆಂದು ಅಳೆಯುತ್ತಿರುತ್ತಾನೆ. ಒಗ್ಗರಣೆ ಹೊತ್ತಿ ಹೆಂಡತಿ ಗದಿಗೆಮ್ಮ ಕೆಮ್ಮುತ್ತ, "ಕಿಟಕಿ ತೆಗೀರಿ" ಎಂದರೆ, "ತಡೀ, ಭಾಳ ಚಂದ ನಿಂತೈತಿ" ಎನ್ನುತ್ತಾನೆ. ಕೊಂಡಾಪುರದ ಹೊಸ ಗಾಜಿನ ಕಟ್ಟಡಗಳು ಮಂಜಿನಲ್ಲಿ ಕರಗಿದ ಮುಂಜಾನೆಗಳಲ್ಲಿ ಅವನಿಗೆ ಬಸ್ಸಿಳಿಯುವ ನೆನಪೇ ಇರುವುದಿಲ್ಲ. "ಮುಂದಿನ ಯುದ್ಧದಾಗ ಎಲ್ಲಾ ಯಂತ್ರಕ್ಕೂ ಕಣ್ಣು ಬರ್ತಾವ್ರಿ. ಕತ್ತಲ್ದಾಗೂ ಮೈಬಿಸಿ ನೋಡಿ ಮನಿಷ್ಯಾನ್ನ ಹುಡುಕ್ತಾವು. ಆ ಬಿಸೀನ ಮುಚ್ಚೋ ಹೊಗಿ ಬೇಕ್ರಿ" ಎಂದು ಕ್ಷೌರದಂಗಡಿಯಲ್ಲೂ ತನ್ನ ಕನಸು ಹೇಳಿಕೊಳ್ಳುತ್ತಾನೆ. ಬಯಲಿನಲ್ಲಿ ಪರೀಕ್ಷೆ ನಡೆದಾಗ ರಾಯಚೂರು ಕಡೆಯ ಕೂಲಿಯವನೊಬ್ಬ ಹೊಗೆಯಾಚೆ ನಿಲ್ಲಬೇಕು. ಮೈಬಿಸಿ ಹಿಡಿಯುವ ಕ್ಯಾಮೆರಾದಲ್ಲಿ ಅವನ ಆಕಾರ ಅಳಿಸಿಹೋದರೆ ಗೆದ್ದಂತೆ. ಆಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಸೂಗಪ್ಪ ಮಾತ್ರ ಹೊಗೆಯ ಅಂಚಿಗೆ ಓಡಿ, ಆಚೆ ನಿಂತವನು ಯಾರೇ ಆಗಿರಲಿ, ಬೋಳುಗುಡ್ಡದ ಮೇಲೆ ಹಾಡಹಗಲೇ ಶತ್ರುವಿನ ಗುಂಡಿಗೆ ಬಲಿಯಾದ ತನ್ನ ಯೋಧ ತಮ್ಮನ ಹೆಸರು ಹಿಡಿದು ಕೂಗುತ್ತಾನೆ: "ಅಮರೇಶಾ, ಈಗ ಯಾರಿಗೂ ಕಾಣಂಗಿಲ್ಲ, ಓಡಿ ಬಾರೋ!" ಮೊದಮೊದಲು ಕೂಲಿಯವರು ಬೆಪ್ಪಾಗಿ ನಿಲ್ಲುತ್ತಿದ್ದರು. ಈಗ ಹೊಗೆಯೊಳಗಿಂದ, "ಬಂದೆ, ಯಣ್ಣಾ" ಎಂದು ಓಗೊಟ್ಟೇ ಓಡಿ ಬರುತ್ತಾರೆ.