ಬರಿಮೈಲೆ ಓಡಿದ ಸುಲ್ತಾನ

ಕೋವಿಡ್ ಕಳೆದು ಚಿತ್ರಮಂದಿರಗಳು ಮತ್ತೆ ತುಂಬತೊಡಗಿದ್ದ ಕಾಲ. ನಾನಾಗ ಭಾರಿ ಬಜೆಟ್ಟಿನ ಒಂದು ಫ್ಯಾಂಟಸಿ ಚಿತ್ರಕ್ಕೆ ಪ್ರೊಡಕ್ಷನ್ ಡಿಸೈನರ್ ಆಗಿದ್ದೆ. ಅಂದರೆ ತೆರೆಯ ಮೇಲೆ ಕಾಣುವ ಅರಮನೆಯಿಂದ ಹಿಡಿದು ಕತ್ತಿಯ ಹಿಡಿಯವರೆಗೆ ಎಲ್ಲದರ ರೂಪಕ್ಕೂ ಹೊಣೆಗಾರ. ಪ್ಲೈವುಡ್ಡು, ಪ್ಲಾಸ್ಟರು, ಥರ್ಮೋಕೋಲಿನ ನಡುವೆ ಆಯುಷ್ಯ ಸವೆಸಿದವನು ನಾನು. ಕಂಪ್ಯೂಟರಿನೊಳಗೆ ಹುಟ್ಟುವ ವಸ್ತುಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ತಾತ್ಸಾರ. ಮುಚ್ಚಿಡುವುದೇಕೆ, ಈಗಲೂ ಸ್ವಲ್ಪ ಇದೆ.

ಕಥೆಯಲ್ಲಿ ಮುಗಿಲಿನಿಂದ ಇಳಿದು ಬರುವ ಒಂದು ಮಹಾವೃಷಭವಿತ್ತು. ಆರು ಕೊಂಬು, ಮೈಗೆ ತಾಮ್ರದ ಹೊಳಪು, ಕೋಟೆಬಾಗಿಲಿನಷ್ಟು ಎತ್ತರ. ನಾನು ಬರೆದುಕೊಟ್ಟ ಚಿತ್ರವನ್ನು ವಿಎಫ್‌ಎಕ್ಸ್ ತಂಡ ಕಂಪ್ಯೂಟರಿನಲ್ಲಿ ಕಟ್ಟಿತು. ನಿಂತಾಗ ನೋಡಲು ಚೆಂದವೇ. ಓಡಿಸಿದರೆ ಮಾತ್ರ ಮೈಯಲ್ಲಿ ತೂಕವೇ ಇರಲಿಲ್ಲ. ನಿರ್ದೇಶಕರು ನೋಡಿ, "ಇದು ವೃಷಭ ಅಲ್ಲ, ಊದಿದ ಬಲೂನು" ಎಂದು ಎದ್ದು ಹೋದರು. ಚಿತ್ರದ ಕೊನೆಯ ಯುದ್ಧವೆಲ್ಲ ನಿಂತಿದ್ದೇ ಆ ಓಟದ ಮೇಲೆ.

ವಿಎಫ್‌ಎಕ್ಸ್ ತಂಡದ ಮುಖ್ಯಸ್ಥೆ ಅನಘಾ ಒಂದು ದಾರಿ ಹೇಳಿದಳು. ನಿಜವಾದ ಹೋರಿಯೊಂದು ಶಕ್ತಿಮೀರಿ ಓಡುವುದನ್ನು ಹಲವು ಕ್ಯಾಮರಾಗಳಿಂದ ಏಕಕಾಲಕ್ಕೆ ಚಿತ್ರೀಕರಿಸಿದರೆ, ಅದರ ಚಲನೆಯನ್ನು ನಮ್ಮ ವೃಷಭಕ್ಕೆ ಕೊಡಬಹುದು. ಇದಕ್ಕೆ ಮೋಷನ್ ರೆಫರೆನ್ಸ್ ಎನ್ನುತ್ತಾರೆ. ಅಂಥ ಹೋರಿ ಎಲ್ಲಿದೆ ಎಂದು ವಿಚಾರಿಸಿದಾಗ ಎಲ್ಲರೂ ಹಾವೇರಿಯ ಕಡೆಗೇ ಕೈ ತೋರಿದರು.

ಆ ಸೀಮೆಯಲ್ಲಿ ದೀಪಾವಳಿ ಎಂದರೆ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಒಣಕೊಬ್ಬರಿಯ ಹಾರ, ಬೆನ್ನಿಗೆ ಬಣ್ಣದ ಬಟ್ಟೆಯ ಝೂಲು, ಕೊಂಬಿಗೆ ಬಲೂನು ಕಟ್ಟಿ, ಎರಡೂ ಬದಿ ಕಿಕ್ಕಿರಿದ ಜನರ ನಡುವೆ ಹೋರಿಯನ್ನು ಬಿಡುತ್ತಾರೆ. ಹಿಡಿಯುವವರು ಮೈಮೇಲೆ ಬಿದ್ದು ಕೊಬ್ಬರಿ ಹರಿದುಕೊಂಡರೆ ಗೆಲುವು ಅವರದು. ಹಾರ ಉಳಿದರೆ ಹೋರಿಯದು. ಬ್ಯಾಡಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಮಾಬುಸಾಬ ಎಂಬ ರೈತರ ಬಳಿ ಸುಲ್ತಾನ ಎಂಬ ಕರಿಹೋರಿ ಇತ್ತು. ಅದರ ಕೊರಳಿಗೆ ಯಾರ ಕೈಯೂ ಒಮ್ಮೆಯೂ ತಾಕಿರಲಿಲ್ಲವಂತೆ. ವಯಸ್ಸಾಯಿತೆಂದು ಆ ವರ್ಷದ ಹಬ್ಬದೊಂದಿಗೆ ಅದರ ಓಟ ನಿಲ್ಲಿಸಿದ್ದರು.

"ಕುಂದರ್ರಿ ಸರ್ರ, ಮೊದಲ ಚಾ ಕುಡೀರಿ" ಎಂದು ಮಾಬುಸಾಬರು ಕಟ್ಟೆಯ ಮೇಲೆ ಕೂರಿಸಿದರು. ಇನ್ನೊಂದೇ ಒಂದು ಸಲ ಓಡಿಸಲು ಬೇಗ ಒಪ್ಪಿದರು. ಆದರೆ ಝೂಲು, ಹಾರ ಏನೂ ಇರಬಾರದು, ಚರ್ಮದ ಕೆಳಗೆ ಸ್ನಾಯು ಹೇಗೆ ಆಡುತ್ತದೆ ಎಂದು ಕ್ಯಾಮರಾಕ್ಕೆ ಕಾಣಬೇಕು ಎಂದ ಕೂಡಲೇ ಕಪ್ಪು ಕೆಳಗಿಟ್ಟರು.

"ಬರಿಮೈಲೆ? ಏನ್ ಮಾತಾಡಾಕತ್ತೀರಿ ಸರ್ರ. ಹಾರ ಇಲ್ದ ಕೊರಳು ಅಂದ್ರ ಸೋತ ಹೋರಿ ಕೊರಳು. ಇಷ್ಟು ವರ್ಷ ಗೆದ್ದಂವನ್ನ ಕಡೀಕ ಹಂಗ ತೋರಸ್ಲೇನು ಮಂದಿಗೆ?"

ಅವರು ಎದ್ದು ಹೋಗಿ ಹೋರಿಯ ಕೊರಳಡಿಯ ಗಂಗೆದೊಗಲು ಸವರಿದರು. ಆಮೇಲೆ ಅಂದರು, "ಇಲ್ಲಿ ಬರಿಮೈಲೆ ಓಡಸ್ತೇನಿ. ಆದ್ರ ಸಿನಿಮಾದಾಗ ಅಂವ ಬರಿಕೊರಳಿಲೆ ಬರಬಾರ್ದು. ಮಾತು ಕೊಡ್ತೀರೇನು?"

ಕೊಟ್ಟೆ. ತೆರೆಯ ಮೇಲೆ ಏನಿರಬೇಕೆಂದು ತೀರ್ಮಾನಿಸುವವರು ನಿರ್ದೇಶಕರು, ನಾನಲ್ಲ. ಆದರೂ ಕೊಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಊರಾಚೆಯ ಹುಲ್ಲುಗಾವಲಿನಲ್ಲಿ ಎರಡು ಸಾಲು ಕ್ಯಾಮರಾ ನಿಲ್ಲಿಸಿದೆವು. ಚಲನೆ ಅಳೆಯಲೆಂದು ಅನಘಾ ಹೋರಿಯ ಮೈತುಂಬ ಬಿಳಿ ಚುಕ್ಕೆ ಇಟ್ಟಳು. ಮಾಬುಸಾಬರ ಹೆಂಡತಿ ಹುಸೇನಬಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಇಷ್ಟು ದೃಷ್ಟಿಬೊಟ್ಟು ನಾ ನಮ್ಮ ಮಕ್ಕಳಿಗೂ ಇಟ್ಟಿದ್ದಿಲ್ಲ ಬಿಡವಾ" ಎಂದರು. ನೋಡಲು ಊರಿಗೆ ಊರೇ ಬಂದಿತ್ತು. ಕೆಲಸಕ್ಕೆ ಅಡ್ಡಿಯಾದೀತೆಂದು ನಮ್ಮವರು ದೂರದಲ್ಲಿ ಹಗ್ಗ ಕಟ್ಟಿ ಎಲ್ಲರನ್ನೂ ಅದರಾಚೆ ನಿಲ್ಲಿಸಿದರು. ಹಬ್ಬದ ಗದ್ದಲವನ್ನು ಮೊದಲೇ ರೆಕಾರ್ಡ್ ಮಾಡಿ ತಂದಿದ್ದೆವು. ಅದನ್ನು ಸ್ಪೀಕರಿನಲ್ಲಿ ಹಾಕಿ ಬಿಟ್ಟರೆ ಹೋರಿ ಓಡುತ್ತದೆ ಎಂಬುದು ನಮ್ಮ ಲೆಕ್ಕ.

ಸುಲ್ತಾನ ನಡೆದುಕೊಂಡು ಹೋಗಿ ಸ್ಪೀಕರನ್ನು ಮೂಸಿತು. ಪಕ್ಕದಲ್ಲಿದ್ದ ಹುಲ್ಲು ಮೇಯತೊಡಗಿತು. ಮತ್ತೊಮ್ಮೆ ಬಿಟ್ಟೆವು, ಮತ್ತೂ ಮೇಯಿತು. ಬಿಸಿಲು ಏರುತ್ತಿತ್ತು. ಅನಘಾಳ ಮುಖ ನೋಡಲಾಗುತ್ತಿರಲಿಲ್ಲ.

ಮಾಬುಸಾಬರು ನನ್ನ ಹತ್ತಿರ ಬಂದರು. "ಅಂವ ಯಾರ ಸಲುವಾಗಿ ಓಡಬೇಕು ಸರ್ರ? ಮಂದಿ ಮುಂದಿನ ಆ ಹಗ್ಗ ತೆಗಸ್ರಿ."

ಅನಘಾ ಒಪ್ಪಲಿಲ್ಲ. ಜನ ಕ್ಯಾಮರಾಕ್ಕೆ ಅಡ್ಡ ಬಂದರೆ ಎಲ್ಲ ಹಾಳು ಎಂದಳು. ಈಗೇನು ಉಳಿದಿದೆ ಹಾಳಾಗಲಿಕ್ಕೆ ಎಂದು ನಾನೇ ರೇಗಿ ಹಗ್ಗ ತೆಗೆಸಿದೆ.

ಆಮೇಲೆ ಆದದ್ದನ್ನು ನಾನು ಈಗಲೂ ನೆನೆಸಿಕೊಳ್ಳುತ್ತಿರುತ್ತೇನೆ. ಯಾರೂ ನುಗ್ಗಲಿಲ್ಲ. ಮುದುಕರು, ಹೆಂಗಸರು, ಹೋರಿ ಹಿಡಿಯುವುದರಲ್ಲಿ ಹೆಸರು ಮಾಡಿದ ಗಟ್ಟಿ ಆಳುಗಳು ಬಂದು ಎರಡೂ ಬದಿ ಸಾಲಾಗಿ ನಿಂತರು. ಕ್ಯಾಮರಾ ಇದ್ದ ಕಡೆ ತಾವಾಗಿಯೇ ನೆಲಕ್ಕೆ ಕೂತರು. ಜೀವಮಾನವಿಡೀ ಸೆಟ್ಟು ಕಟ್ಟಿದವನ ಕಣ್ಣೆದುರಿಗೆ, ಒಂದು ಮೊಳೆ ಹೊಡೆಯದೆ, ಉದ್ದನೆಯ ಓಣಿಯೊಂದು ಎದ್ದು ನಿಂತಿತ್ತು. ಅತ್ತ ತುದಿಯಲ್ಲಿ ಸುಲ್ತಾನ ಮೇವು ಬಿಟ್ಟು ತಲೆ ಎತ್ತಿತು. ಜನ ಅದರ ಹೆಸರು ಹಿಡಿದು ಕೂಗಿದರು.

ಅದು ಓಡಿತು. ನನಗೆ ಮೊದಲು ಗೊತ್ತಾದದ್ದು ಕಾಲಡಿಯ ನೆಲ ಅದುರಿದ್ದು. ಎದುರಿಗೆ ಬರುವಾಗ ಅದರ ಎಡಭುಜ ಸರ್ರನೆ ಕೆಳಗಿಳಿಯಿತು, ಮೇಲೆ ಬೀಳುವವರನ್ನು ತಪ್ಪಿಸಿಕೊಳ್ಳುವ ಹಾಗೆ. ಆ ದಿನ ಯಾರೂ ಮೇಲೆ ಬೀಳಲಿಲ್ಲ. ಹಿಡಿಯುವ ಗಂಡಾಳುಗಳೆಲ್ಲ ಕೈಕಟ್ಟಿ ನಿಂತಿದ್ದರು. ಬೆನ್ನಿನ ಮೇಲಿನ ಸ್ನಾಯು ಅಲೆಯೆದ್ದು ಬಾಲದವರೆಗೆ ಹೋಗುವುದು ನನಗೆ ಕಂಡಿತು. ಅಷ್ಟು ಭಾರದ ಜೀವ ಅಷ್ಟು ಹಗುರಾಗಿ ದಾಟಿ ಹೋದಾಗ ನನ್ನ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಅನಘಾ ಮಾನಿಟರ್ ನೋಡುವುದನ್ನೇ ಮರೆತು ನಿಂತಿದ್ದಳು.

ಆ ಓಟ ಸಿಕ್ಕಮೇಲೆ ನಮ್ಮ ವೃಷಭಕ್ಕೆ ಜೀವ ಬಂತು. ನಿರ್ದೇಶಕರು ಕುರ್ಚಿಯ ತುದಿಗೆ ಬಂದರು. ಹಾರದ ಮಾತೆತ್ತಿದಾಗ ಮಾತ್ರ ಹುಬ್ಬು ಗಂಟಿಕ್ಕಿ, "ಸ್ವರ್ಗದಿಂದ ಇಳಿಯೋ ಪ್ರಾಣಿಗೆ ಕೊಬ್ಬರಿ ಹಾರವೇ? ಜನ ನಗ್ತಾರೆ ಕಣ್ರೀ" ಎಂದರು. ಚಿನ್ನದ ಸರಪಳಿ ಹಾಕೋಣ ಎಂದರು.

"ಚಿನ್ನ ಎಲ್ಲ ಸಿನಿಮಾದಲ್ಲೂ ಇದೆ ಸರ್" ಎಂದೆ. "ಈ ಓಟವನ್ನು ಕೊಟ್ಟವರಿಗೆ ನಾನು ಮಾತು ಕೊಟ್ಟಿದ್ದೇನೆ. ಹಾರ ಬೇಡ ಎಂದಾದರೆ ನನ್ನ ಹೆಸರನ್ನೂ ಚಿತ್ರದಿಂದ ತೆಗೆಸಿಬಿಡಿ." ದೊಡ್ಡ ಮಾತೇ ಆಯಿತು. ಅವರು ಕಡೆಗೆ ಒಮ್ಮೆ ಮಾಡಿ ತೋರಿಸಿ ಎಂದರು. ಕಂಪ್ಯೂಟರಿನಲ್ಲಿ ಒಂದೊಂದು ಕೊಬ್ಬರಿ ಬಟ್ಟಲೂ ಬೇರೆ ಬೇರೆ ತೂಗಬೇಕು, ಒಂದಕ್ಕೊಂದು ಬಡಿಯಬೇಕು. ಅನಘಾಳ ತಂಡ ಬೇಸರಪಡದೆ ಮಾಡಿತು. ನೋಡಿದಮೇಲೆ ನಿರ್ದೇಶಕರು ಚಿನ್ನದ ಮಾತು ಎತ್ತಲಿಲ್ಲ.

ಚಿತ್ರ ಬಿಡುಗಡೆಯಾದಾಗ ನಾನು ರಾಣೆಬೆನ್ನೂರಿಗೆ ಹೋದೆ. ಮಾಬುಸಾಬರ ಊರಿನವರು ಟೆಂಪೋ ಮಾಡಿಕೊಂಡು ಥೇಟರಿಗೆ ಬಂದಿದ್ದರು. ಮೊದಲರ್ಧವಿಡೀ ಒಂದೇ ಸಿಳ್ಳೆ. ಕೊನೆಯ ಯುದ್ಧದಲ್ಲಿ ಮುಗಿಲು ಸೀಳಿ ಆರು ಕೊಂಬಿನ ವೃಷಭ ಇಳಿದು ಬಂದಾಗ ಮಾತ್ರ ಆ ಊರಿನವರು ಕೂತ ಸಾಲುಗಳು ಸುಮ್ಮನಾದವು. ಅದು ಸೈನ್ಯದೊಳಗೆ ನುಗ್ಗಿ ಎಡಭುಜ ಇಳಿಸಿದ ಕ್ಷಣ, "ಸುಲ್ತಾನ" ಎಂದು ಯಾರೋ ಮೆಲ್ಲಗೆ ಅಂದರು. ಸೈನಿಕರ ಸಾವಿರ ಕೈಗಳು ಅದರ ಕೊರಳಿನ ಕೊಬ್ಬರಿ ಹಾರಕ್ಕೆ ಚಾಚಿದವು. ಅದು ಸೈನ್ಯ ದಾಟಿ ಆಚೆ ಬಂದು ನಿಂತಿತು.

ಆವತ್ತಿನಿಂದ ಏನು ಕಟ್ಟಿದರೂ ಮೊದಲು ನನ್ನನ್ನು ನಾನೇ ಕೇಳಿಕೊಳ್ಳುವುದು ಒಂದೇ: ಇದನ್ನು ನಮಗೆ ಕೊಟ್ಟವರು ಕತ್ತಲಲ್ಲಿ ಕೂತು ನೋಡಿದರೆ ಇದು ತಮ್ಮದೆಂದು ಗುರುತು ಹಿಡಿಯುತ್ತಾರೆಯೇ? ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಅದನ್ನು ಕಲಿಸಿದ ಮಾಬುಸಾಬರು ಆವತ್ತು ನನ್ನ ಮುಂದಿನ ಸಾಲಿನಲ್ಲೇ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, ಹೆಂಡತಿಗೆ ಹೇಳುತ್ತಿದ್ದರು:

"ಒಂದ್ ಕೊಬ್ಬರಿನೂ ಹರಿದಿಲ್ಲ ನೋಡು."