ಕಂಬಳಿ ಗದ್ದುಗೆ ಏರಿದ ಅಲಾರಂ

ಹೋದ ಭಾನುವಾರ ನನ್ನ ಅಲಾರಂ ಗಡಿಯಾರಕ್ಕೆ ಪೂಜೆಯಾಯಿತು. ಸೋಮವಾರ ಬೆಳಗ್ಗೆ ಅದೇ ನಮ್ಮನ್ನು ಮುಳುಗಿಸಿತು.

ಹರಿಯಬ್ಬೆಯಲ್ಲಿ ನನ್ನಕ್ಕ ಇದ್ದಾಳೆ. ಅವಳ ಮಗಳು ವಿಶಾಲಾಕ್ಷಿಗೆ ಸೋಮವಾರ ಚಿತ್ರದುರ್ಗದಲ್ಲಿ ಟೀಚರ್ ಟ್ರೈನಿಂಗಿಗೆ ಇಂಟರ್‌ವ್ಯೂ. ಒಂಬತ್ತಕ್ಕೆ ಹಾಜರಿರಬೇಕು. ಐದೂವರೆ ಬಸ್ಸು ತಪ್ಪಿದರೆ ಮುಂದಿನದು ಎಂಟಕ್ಕೆ. ಅದಕ್ಕೇ ನಾನು ದುರ್ಗದಿಂದ ಗಡಿಯಾರ ಹೊತ್ತುಕೊಂಡು ಹೋದೆ. (ಅದಿಲ್ಲದೆ ನನಗೆ ಎಚ್ಚರವಾಗುವುದಿಲ್ಲ. ಬೇಕಾದರೆ ಆಫೀಸಿನ ಹಾಜರಿ ಪುಸ್ತಕ ಕೇಳಿ.)

ನಾಲ್ಕಕ್ಕೆ ಅಲಾರಂ ಇಟ್ಟೆ. ಕೀ ಕೊಟ್ಟು ಕಿಟಕಿಯ ಕಲ್ಲಿನ ಮೇಲೆ ಕೂರಿಸಿದೆ. "ಅಕ್ಕ, ಇವತ್ತು ನೀನೂ ಆರಾಮಾಗಿ ಮಲಿಕ್ಕೋ. ಎಬ್ಬಿಸಾಕೆ ಇದೈತೆ" ಎಂದು ಪಡಸಾಲೆಯಲ್ಲಿ ಉರುಳಿಕೊಂಡೆ.

ಕಣ್ಣು ಬಿಟ್ಟಾಗ ಆರೂವರೆ. ವಿಶಾಲಾಕ್ಷಿ ಅಳುತ್ತಲೇ ಜಡೆ ಹಾಕಿಕೊಳ್ಳುತ್ತಿದ್ದಳು. ಭಾವ ಅಕ್ಕನ ಮೇಲೆ ಹರಿಹಾಯುತ್ತಿದ್ದರು. "ದಿನಾ ಕೋಳಿಗಿಂತ ಮೊದ್ಲು ಏಳ್ತೀಯ, ಇವತ್ತೇನಾಗಿತ್ತೇ ನಿಂಗೆ? ಮಗಳ ನಸೀಬು ಹಾಳು ಮಾಡ್ದ್ಯಲ್ಲೇ!" ಅಕ್ಕ ಮಗಳಿಗೆ ಬುತ್ತಿ ಕಟ್ಟತೊಡಗಿದಳು.

ಪುಣ್ಯಕ್ಕೆ ಈರುಳ್ಳಿ ಲಾರಿಯೊಂದು ದುರ್ಗಕ್ಕೆ ಹೊರಟಿತ್ತು. ಡ್ರೈವರ್ ಪಕ್ಕ ಇಬ್ಬರಿಗೇ ಜಾಗ. ಅಪ್ಪ, ಮಗಳು ಹತ್ತಿದರು, ನಾನು ಉಳಿದೆ.

ಅಲಾರಂ ಯಾಕೆ ಕೂಗಲಿಲ್ಲ? ನೋಡಿದರೆ ಕಿಟಕಿಯಲ್ಲಿ ಗಡಿಯಾರವೇ ಇಲ್ಲ!

"ಮನೆಗೆ ಬಂದ ದೊಡ್ಡ ವಸ್ತು, ಬರೀ ಕಲ್ಲ ಮ್ಯಾಲೆ ಕುಂದ್ರುಸ್ತಾರೇನಪ್ಪ? ನೀನು ಮಲಗಿದ್ ಮ್ಯಾಲೆ ಗದ್ದುಗೆ ಹಾಕ್ದೆ" ಎಂದಳು ಅಕ್ಕ. ದೇವರ ಮುಂದೆ ನಾಲ್ಕು ಮಡಿಕೆಯ ಕರಿ ಕಂಬಳಿ, ಅದರ ಮೇಲೆ ಕುಂಕುಮ ಹಚ್ಚಿಸಿಕೊಂಡ ನನ್ನ ಗಡಿಯಾರ. ಬೀಳದಿರಲೆಂದು ಬೆನ್ನಿಗೂ ಕಂಬಳಿ. ಕುರಿ ಸಾಕುವ ನಮ್ಮಂಥವರ ಮನೆಗಳಲ್ಲಿ ದೇವರಿಗೂ ದೊಡ್ಡವರಿಗೂ ಕಂಬಳಿಯೇ ಗದ್ದುಗೆ.

ತಿರುಗಿಸಿ ನೋಡಿದೆ. ಹಿಂದೆ ಎರಡು ಕೀ. ಒಂದು ಮುಳ್ಳು ಓಡಿಸುವ ಸ್ಪ್ರಿಂಗಿಗೆ, ಇನ್ನೊಂದು ಕೂಗುವ ಸ್ಪ್ರಿಂಗಿಗೆ. (ಟೈಮ್ ಗೊತ್ತಿರುವವನೇ ಬೇರೆ, ಕೂಗುವವನೇ ಬೇರೆ!) ಕೂಗುವ ಕೀ ಪೂರ್ತಿ ಸಡಿಲವಾಗಿತ್ತು. ಅಂದರೆ ನಾಲ್ಕಕ್ಕೆ ಸರಿಯಾಗಿ ಕೂಗಿದೆ, ನಮಗೆ ಕೇಳಿಸಿಲ್ಲ. ಈ ಗಡಿಯಾರಕ್ಕೆ ತಲೆಯ ಮೇಲೆ ಗಂಟೆಯಿಲ್ಲ. ಒಳಗಿನ ಪುಟ್ಟ ಸುತ್ತಿಗೆ ಬೆನ್ನಿನ ತಗಡಿಗೇ ಬಡಿಯುತ್ತದೆ. ಆ ತಗಡನ್ನೇ ಕಂಬಳಿ ಹಿಡಿದುಕೊಂಡರೆ?

ಮತ್ತೆ ಕೀ ಕೊಟ್ಟು ಪರೀಕ್ಷೆಗೆ ಕೂತೆ. ಕಂಬಳಿಯ ಮೇಲೆ ಬರೀ ಮುಸುಕಿನೊಳಗಿನ ಗೊರಕೆ. ಕಲ್ಲಿನ ಮೇಲೆ ಪರವಾಗಿಲ್ಲ. ಉಣ್ಣುವ ಕಂಚಿನ ಗಂಗಾಳದಲ್ಲಿಟ್ಟೆ ನೋಡಿ, ರೊಪ್ಪದ ಕುರಿಗಳೆಲ್ಲ ದಡಬಡ ಎದ್ದು ನಿಂತವು! ಬೆಳಗ್ಗೆಯಿಂದ ಮೊದಲ ಸಲ ಅಕ್ಕ ನಕ್ಕಳು.

ಸಂಜೆ ವಿಶಾಲಾಕ್ಷಿ ನಗುತ್ತಲೇ ಬಂದಳು. ಮುಟ್ಟಿದ್ದು ಹತ್ತೂವರೆಗಂತೆ. ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಕರೆಯುತ್ತಿದ್ದರಿಂದ 'ವಿ'ಯ ಇವಳ ಸರದಿ ಬಂದಾಗ ಮಧ್ಯಾಹ್ನ. ಇಂಟರ್‌ವ್ಯೂ ಚೆನ್ನಾಗಿಯೇ ಆಯಿತಂತೆ.

ನನ್ನ ಸಂಶೋಧನೆ ಕೇಳಿ ಭಾವ ಗಡಿಯಾರದ ತಲೆ ಸವರಿದರು. "ಪಾಪ, ಅದು ತನ್ ಕೆಲ್ಸ ತಾನು ಮಾಡೈತೆ ಬಿಡಪ್ಪ."

ನನಗೆ ನಾಚಿಕೆಯಾಯಿತು. ಯಾರೂ ಕೀ ಕೊಡದೆಯೇ ಇಪ್ಪತ್ತೈದು ವರ್ಷ ನಾಲ್ಕಕ್ಕೆ ಎದ್ದು ಮನೆಮಂದಿಯನ್ನೆಲ್ಲ ಎಬ್ಬಿಸಿದ ಅಕ್ಕನಿಗೆ, ಈ ಒಂದು ಮಾತನ್ನು ನಾವ್ಯಾರಾದರೂ ಯಾವತ್ತಾದರೂ ಹೇಳಿದ್ದೇವೆಯೇ?